ಸಭೆ ಮುಗಿದ ಮೇಲಲ್ಲ, ಸಭೆಗೆ ಮುಂಚೆ ಹೇಳಿ

(ನಮ್ಮೂರಿನ ಕೆಲವು ಬಡಾವಣೆಗಳ ಸಂಘದವರು ಸೇರಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಕಸದ ಗಾಡಿ ಬಂದಾಗ ಮೈಕಿನಲ್ಲಿ ಏನು ಕೂಗುತ್ತಾರೆ ಹೇಳಿ? ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನೋದು ಇದ್ದೇ ಇದೆ. ಅದರ ಜೊತೆಗೆ, ಈ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಅಂತಲೂ ಕೂಗುತ್ತಾರೆ. ಫೋನಿಗೆ ಮೆಸೇಜು ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಹಾಕುತ್ತಾರೆ. ಬಾಕಿ ಜಾಸ್ತಿ ಆದರೆ ಮನೆ ಬಾಗಿಲಿಗೇ ನೋಟಿಸು. ತಪ್ಪೇನಿಲ್ಲ, ತೆರಿಗೆ ಕಟ್ಟಬೇಕು. ಆದರೆ ಇದೇ ಮೈಕಿನಲ್ಲಿ ‘ಬರುವ ಗುರುವಾರ ನಗರಸಭೆಯ ಸಾಮಾನ್ಯ ಸಭೆ ಇದೆ, ನಿಮ್ಮ ವಾರ್ಡಿನ ಒಳಚರಂಡಿ ವಿಷಯ ಚರ್ಚೆಗೆ ಬರುತ್ತದೆ’ ಅಂತ ಕೇಳಿದವರು ಯಾರಾದರೂ ಇದ್ದೀರಾ? ಕೈ ಎತ್ತಿ ನೋಡೋಣ.

ಇಲ್ಲ ಅಲ್ವಾ. ಅಂದರೆ ಜನರಿಗೆ ಸುದ್ದಿ ಮುಟ್ಟಿಸೋಕೆ ಆಗಲ್ಲ ಅನ್ನೋದು ನಿಜ ಅಲ್ಲ. ಗಾಡಿ ಇದೆ, ಮೈಕ್ ಇದೆ, ನಮ್ಮೆಲ್ಲರ ಫೋನ್ ನಂಬರೂ ಕಚೇರಿಯಲ್ಲಿದೆ. ದುಡ್ಡು ಕೇಳುವಾಗ ಇವೆಲ್ಲ ನೆನಪಾಗುತ್ತವೆ. ಆ ದುಡ್ಡನ್ನು ಎಲ್ಲಿ ಖರ್ಚು ಮಾಡೋದು ಅಂತ ತೀರ್ಮಾನಿಸುವಾಗ ಮರೆತುಹೋಗುತ್ತವೆ. ನಾನು ಇವತ್ತು ಹೇಳೋಕೆ ಬಂದಿರೋದು ಇದೊಂದನ್ನೇ: ಸಭೆಯ ಸುದ್ದಿ ನಮಗೆ ಸಭೆಗೆ ಮುಂಚೆ ಸಿಗಬೇಕು. ಮರುದಿನ ಪೇಪರಿನಲ್ಲಿ ‘ಸಭೆಯಲ್ಲಿ ಕೋಲಾಹಲ’ ಅಂತ ಓದಿ ನಗೋದರಿಂದ ಏನೂ ಉಪಯೋಗ ಇಲ್ಲ.

ನಗರಸಭೆಯಲ್ಲಿ ಅಂಥದ್ದೇನು ತೀರ್ಮಾನ ಆಗುತ್ತೆ, ಎಲ್ಲ ಬೆಂಗಳೂರಿನಲ್ಲೇ ಆಗೋದಲ್ವಾ ಅಂತ ಕೆಲವರು ಕೇಳುತ್ತಾರೆ. ದೊಡ್ಡ ದುಡ್ಡು ಅಲ್ಲಿಂದಲೇ ಬರೋದು, ಒಪ್ಪುತ್ತೇನೆ. ಆದರೆ ನಲ್ಲಿ ನೀರಿನ ದರ, ಸಂತೆ ಎಲ್ಲಿ ನಡೀಬೇಕು, ನಗರಸಭೆ ಮಳಿಗೆಗಳನ್ನು ಹರಾಜು ಹಾಕೋದಾ ಅಥವಾ ಇದ್ದವರಿಗೇ ಮುಂದುವರಿಸೋದಾ, ಯಾವ ರಸ್ತೆಗೆ ಮೊದಲು ಡಾಂಬರು, ಪಾರ್ಕಿನ ಜಾಗವನ್ನು ಯಾವ ಸಂಘಕ್ಕೆ ಕೊಡೋದು, ಬೀದಿದೀಪದ ಗುತ್ತಿಗೆ ಯಾರಿಗೆ, ಇವೆಲ್ಲ ಇಲ್ಲೇ ಆಗೋದು. ದಿನ ಬೆಳಗಾದರೆ ನಾವು ಬೈಕೊಂಡು ಓಡಾಡೋ ವಿಷಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಸಭಾಂಗಣದಲ್ಲಿ, ಒಂದು ಮಧ್ಯಾಹ್ನದಲ್ಲಿ ಪಾಸಾಗಿರುತ್ತವೆ.

ಆ ಸಭಾಂಗಣಕ್ಕೆ ನಾವು ಹೋಗಬಹುದಾ? ಹೋಗಬಹುದು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ, ಮಹಾನಗರ ಪಾಲಿಕೆಗಳದ್ದು 1976ರ ಕಾಯ್ದೆ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಆಗಬೇಕು, ಸಭೆ ಸಾರ್ವಜನಿಕರಿಗೆ ತೆರೆದಿರಬೇಕು ಅನ್ನೋದು ಇವುಗಳ ಮೂಲ ನಿಯಮ. ಗುಟ್ಟಾಗಿ ನಡೆಸೋದಾದರೆ ಅದನ್ನು ಸಭೆಯಲ್ಲೇ ಹೇಳಿ ನಡೆಸಬೇಕು. ಆದರೆ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಇದು ಗೊತ್ತಿರಲ್ಲ. ‘ಯಾರು ನೀವು? ಪ್ರೆಸ್ಸಾ?’ ಅಂತ ಕೇಳುತ್ತಾರೆ. ಅಲ್ಲ ಅಂದರೆ ‘ಹಾಗಾದ್ರೆ ಯಾರ ಕಡೆಯವರು?’ ಅಂತಾರೆ. ಯಾರ ಕಡೆಯವರೂ ಅಲ್ಲದ ಮನುಷ್ಯ ಸುಮ್ನೆ ಬಂದು ಕೂತು ಕೇಳುತ್ತಾನೆ ಅನ್ನೋದು ಅವರ ಲೆಕ್ಕಕ್ಕೇ ಸಿಗಲ್ಲ. ಜಗಳ ಆಡಬೇಡಿ. ‘ಇದೇ ಊರಿನವನು ಅಣ್ಣ, ಸಭೆ ನೋಡೋಕೆ ಬಂದೆ’ ಅನ್ನಿ. ಒಳಗೆ ಹೋಗಿ ಸಿಬ್ಬಂದಿ ಕೂರುವ ಸಾಲಿನ ಹಿಂದೆ ಕೂತುಬಿಡಿ.

ಒಳಗೆ ನಡೆಯೋದನ್ನು ಒಮ್ಮೆ ನೋಡಲೇಬೇಕು. ಹನ್ನೊಂದಕ್ಕೆ ಅಂತ ನೋಟಿಸಿನಲ್ಲಿ ಇರುತ್ತದೆ. ಹನ್ನೆರಡರ ಹತ್ತಿರ ಕೋರಂ ಆಗುತ್ತದೆ, ಅಂದರೆ ಸಭೆ ನಡೆಸೋಕೆ ಬೇಕಾದಷ್ಟು ಸದಸ್ಯರು ಸೇರುತ್ತಾರೆ. ಮೊದಲ ಒಂದು ಗಂಟೆ, ಕಾರ್ಯಕ್ರಮದ ಕಾರ್ಡಿನಲ್ಲಿ ನನ್ನ ಹೆಸರು ಯಾಕೆ ಹಾಕಿಲ್ಲ, ನಾನು ಫೋನ್ ಮಾಡಿದರೆ ಎಂಜಿನಿಯರ್ ಯಾಕೆ ಎತ್ತಲ್ಲ, ಇಷ್ಟರಲ್ಲೇ ಹೋಗುತ್ತದೆ. ಒಬ್ಬರು ಎದ್ದು ಅಧ್ಯಕ್ಷರ ಪೀಠದ ಮುಂದಿನ ‘ಬಾವಿ’ಗೆ ಇಳಿಯುತ್ತಾರೆ, ಇನ್ನೊಬ್ಬರು ಸಮಾಧಾನ ಮಾಡುತ್ತಾರೆ, ಅಷ್ಟು ಹೊತ್ತಿಗೆ ಟೀ, ಖಾರಾ ಬೂಂದಿ ಬರುತ್ತದೆ. ಪ್ರೆಸ್‌ನವರ ಫೋಟೊ ಆಗುತ್ತದೆ. ಆಮೇಲೆ ಶುರುವಾಗುತ್ತದೆ ನಿಜವಾದ ಸಭೆ. ಸಿಬ್ಬಂದಿ ಒಬ್ಬರು ಎದ್ದು ನಿಂತು ವಿಷಯ ಸಂಖ್ಯೆ ಏಳು, ವಿಷಯ ಸಂಖ್ಯೆ ಎಂಟು ಅಂತ ಓದುತ್ತಾ ಹೋಗುತ್ತಾರೆ, ‘ಓಕೆ’, ‘ಓಕೆ’, ‘ಪಾಸ್’, ‘ಮುಂದಿನದು’. ಜಗಳದ ಒಂದು ಗಂಟೆಗೆ ಬೆಲೆ ಇಲ್ಲ, ಈ ಹತ್ತು ನಿಮಿಷದಲ್ಲಿ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನಗಳು ಆಗಿಹೋಗಿರುತ್ತವೆ. ಅಷ್ಟರಲ್ಲಿ ಪ್ರೆಸ್‌ನವರು ಎದ್ದು ಹೋಗಿರುತ್ತಾರೆ. ಅವರನ್ನು ದೂರಲ್ಲ ನಾನು. ಒಬ್ಬ ವರದಿಗಾರ ಇಡೀ ತಾಲ್ಲೂಕು ನೋಡಿಕೊಳ್ಳಬೇಕು, ಪೇಪರಿನಲ್ಲಿ ನಮ್ಮೂರಿಗೆ ಸಿಗೋದು ಕಾಲು ಪುಟ.

ಹಾಗಾಗಿ ಕೈಯಲ್ಲಿ ಅಜೆಂಡಾ ಇಲ್ಲದೆ ಸಭೆಗೆ ಹೋದರೆ ಏನೂ ತಿಳಿಯಲ್ಲ. ವಿಷಯ ಸಂಖ್ಯೆ ಎಂಟು ಅಂದರೆ ಏನು ಅಂತ ನಮಗೇನು ಗೊತ್ತು? ಸಾಮಾನ್ಯ ಸಭೆಗೆ ಸುಮಾರು ಒಂದು ವಾರ ಮುಂಚೆ ಸದಸ್ಯರ ಕೈಗೆ ನೋಟಿಸು ಹೋಗುತ್ತದೆ, ವಿಶೇಷ ಸಭೆಗೆ ಇನ್ನೂ ಕಮ್ಮಿ ದಿನ. ಆ ನೋಟಿಸಿನ ಜೊತೆ ಇರುವ ಪಟ್ಟಿಯೇ ಅಜೆಂಡಾ. ಅದು ಗುಟ್ಟಿನ ಕಾಗದ ಅಲ್ಲ. ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಇರಬೇಕಾದ್ದು. ಎಷ್ಟೋ ಕಡೆ ಬೋರ್ಡಿನ ಗಾಜಿಗೆ ಬೀಗ ಹಾಕಿರುತ್ತಾರೆ, ಒಳಗೆ ಹಳೇ ಟೆಂಡರ್ ಪ್ರಕಟಣೆ ಹಳದಿಯಾಗಿರುತ್ತದೆ, ಅದು ಬೇರೆ ಕಥೆ. ಅಲ್ಲಿ ಸಿಗಲಿಲ್ಲ ಅಂದರೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ‘ಸರ್, ಅಜೆಂಡಾ ಬಂದಿದ್ರೆ ಒಂದು ಫೋಟೊ ಕಳಿಸಿ’ ಅಷ್ಟೇ. ಬಹಳ ಜನ ಕಳಿಸುತ್ತಾರೆ. ಯಾಕೆ ಅಂದರೆ ಅವರನ್ನು ಯಾರೂ ಇದುವರೆಗೆ ಅಜೆಂಡಾ ಕೇಳಿರಲ್ಲ, ಕೇಳಿದ್ದೆಲ್ಲ ಸೈಟಿನ ಖಾತೆ, ಮಗಳ ಮದುವೆಗೆ ನೀರಿನ ಟ್ಯಾಂಕರ್ ಇಂಥವು.

ಈಗ ಅಜೆಂಡಾ ಓದೋದು ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಏಕೆಂದರೆ ಕೆಲಸ ಇರೋದೇ ಇಲ್ಲಿ.

ಮೊದಲನೇ ವಿಷಯ ಎಲ್ಲ ಕಡೆಯೂ ಒಂದೇ: ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ’. ನಡಾವಳಿ ಅಂದರೆ ಸಭೆಯಲ್ಲಿ ಏನೇನಾಯಿತು ಅನ್ನೋದರ ಬರಹದ ದಾಖಲೆ. ಬೋರು ಅನ್ನಿಸುತ್ತದೆ. ಆದರೆ ಹೋದ ಸಭೆಯಲ್ಲಿ ಬಾಯಲ್ಲಿ ಆಡಿದ್ದು ಒಂದು, ನಡಾವಳಿ ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಆಗಿದ್ದರೆ ಅದನ್ನು ಹಿಡಿಯೋ ಜಾಗ ಇದೊಂದೇ. ಇಲ್ಲಿ ದೃಢೀಕರಣ ಆಗಿಹೋದರೆ ಬರೆದದ್ದೇ ಸತ್ಯ. ಎರಡನೇದು ಸಾಮಾನ್ಯವಾಗಿ ಜಮಾ-ಖರ್ಚು, ಅದನ್ನು ‘ಸಭೆಯ ಅವಗಾಹನೆಗೆ’, ಅಂದರೆ ಗಮನಕ್ಕೆ, ಅಂತ ಇಟ್ಟಿರುತ್ತಾರೆ. ಆಮೇಲೆ ಕ್ರಿಯಾ ಯೋಜನೆಗಳು: ಕೇಂದ್ರದ ಹಣಕಾಸು ಆಯೋಗದ ಅನುದಾನ, ಎಸ್‌ಎಫ್‌ಸಿ ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ. ಇವುಗಳ ನಡುವೆ ಶೇ 24.10, ಶೇ 7.25, ಶೇ 5 ಅಂತ ಮೂರು ಅಂಕಿ ಮತ್ತೆಮತ್ತೆ ಬರುತ್ತವೆ. ಮೊದಲನೇದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಟ್ಟ ಹಣ, ಎರಡನೇದು ಇತರ ಬಡವರಿಗೆ, ಮೂರನೇದು ಅಂಗವಿಕಲರಿಗೆ. ಈ ಹಣ ಯಾರಿಗೆ ಸೇರಬೇಕೋ ಅವರಲ್ಲಿ ಎಷ್ಟು ಜನಕ್ಕೆ ಇಂಥದ್ದೊಂದು ಇದೆ ಅಂತ ಗೊತ್ತು? ಗ್ಯಾಸ್ ಸ್ಟವ್, ಹೊಲಿಗೆ ಯಂತ್ರ, ಮೂರು ಚಕ್ರದ ಸ್ಕೂಟರ್, ಓದೋ ಮಕ್ಕಳಿಗೆ ಸಹಾಯ ಅಂತ ಅರ್ಜಿ ಕರೆದಿರುತ್ತಾರೆ, ಕೊನೇ ದಿನ ಕಳೆದ ಮೇಲೆ ಊರಿಗೆ ಗೊತ್ತಾಗುತ್ತದೆ. ಅಜೆಂಡಾದಲ್ಲಿ ಆ ಸಾಲು ಕಂಡ ದಿನವೇ ಆ ಓಣಿಗೆ ಸುದ್ದಿ ಹೋದರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ.

ಎರಡು ಸಾಲುಗಳನ್ನು ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿ. ಒಂದು, ‘ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ’. ಕೆಲಸ ಆಗಿಹೋಗಿದೆ, ದುಡ್ಡು ಖರ್ಚಾಗಿದೆ ಇಲ್ಲವೇ ಖರ್ಚಾಗೋದು ಗ್ಯಾರಂಟಿ, ಈಗ ಒಪ್ಪಿಗೆ ಕೊಡಿ ಅಂತ ಅರ್ಥ. ಬೇಸಿಗೆಯಲ್ಲಿ ಪಂಪ್ ಸುಟ್ಟುಹೋದರೆ ಸಭೆ ಕರೆಯೋವರೆಗೆ ಕಾಯೋಕೆ ಆಗಲ್ಲ, ಆಗ ಇದು ಬೇಕೇ ಬೇಕು. ಆದರೆ ಜಾತ್ರೆಯ ಶಾಮಿಯಾನ, ಸ್ವಾಗತ ಕಮಾನು, ಯಾರದೋ ಸನ್ಮಾನ ಎಲ್ಲವೂ ಘಟನೋತ್ತರ ಅಂತಲೇ ಬರುತ್ತಿದ್ದರೆ ಕೇಳಬೇಕು. ಜಾತ್ರೆಯ ದಿನಾಂಕ ಪಂಚಾಂಗದಲ್ಲೇ ಇರುತ್ತಲ್ಲ! ಎರಡನೇ ಸಾಲು ಪಟ್ಟಿಯ ಕೊನೆಯದು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ತುರ್ತು ಇರುತ್ತದೆ ಅಂತ ಇಟ್ಟ ಸಾಲು ಇದು. ಮುಂಚೆ ಹೇಳೋಕೆ ಇಷ್ಟ ಇಲ್ಲದ ಎಲ್ಲವೂ ಇದೇ ಬಾಗಿಲಿನಿಂದ ಒಳಗೆ ಬರುತ್ತದೆ. ಎಲ್ಲರೂ ಊಟಕ್ಕೆ ಏಳೋ ಹೊತ್ತಿನಲ್ಲಿ ಟೇಬಲ್ ಮೇಲೆ ಒಂದು ಹೆಚ್ಚುವರಿ ಹಾಳೆ ಬಂತು ಅಂದರೆ, ನೀವು ಪೆನ್ನು ಕೆಳಗಿಡಬೇಡಿ.

ಇನ್ನು ಬರೆಯೋದು. ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಮಾಡೋದು ತುಂಬಾ ಸರಳ. ಸಭೆಗೆ ಮುಂಚೆ ಒಂದು ಪುಟ, ಸಭೆ ಆದ ಮೇಲೆ ಒಂದು ಪುಟ. ಮೊದಲ ಪುಟದಲ್ಲಿ ಸಭೆ ಯಾವತ್ತು, ಎಷ್ಟು ಗಂಟೆಗೆ, ನಮಗೆ ಸಂಬಂಧಪಟ್ಟ ವಿಷಯ ಯಾವುದು, ಯಾರನ್ನು ಕೇಳಬೇಕು. ಎರಡನೇದರಲ್ಲಿ ಏನು ತೀರ್ಮಾನ ಆಯಿತು, ಯಾವುದು ಮುಂದಕ್ಕೆ ಹೋಯಿತು. ಅಜೆಂಡಾದಲ್ಲಿ ಇರೋ ಭಾಷೆಯನ್ನೇ ಹಾಕಿದರೆ ಯಾರೂ ಓದಲ್ಲ. ಒಂದು ಮಾದರಿ ಹೇಳುತ್ತೇನೆ, ನಾನೇ ಕಟ್ಟಿದ್ದು: ‘ನಗರಸಭಾ ವ್ಯಾಪ್ತಿಯ ಮುಖ್ಯ ರಸ್ತೆಯ ಪಾದಚಾರಿ ಮಾರ್ಗದಲ್ಲಿನ ಅನಧಿಕೃತ ವ್ಯಾಪಾರಸ್ಥರನ್ನು ತೆರವುಗೊಳಿಸಿ ಸದರಿಯವರಿಗೆ ಸೂಕ್ತ ಸ್ಥಳ ನಿಗದಿಪಡಿಸುವ ಬಗ್ಗೆ ಚರ್ಚಿಸಿ ತೀರ್ಮಾನಿಸುವ ಬಗ್ಗೆ.’ ಇದನ್ನು ನಾವು ಬರೆಯೋದು ಹೀಗೆ: ‘ಮೇನ್ ರೋಡಿನ ಫುಟ್‌ಪಾತಿನಲ್ಲಿ ಹೂವು, ತರಕಾರಿ ಮಾರುವವರನ್ನು ಎಬ್ಬಿಸುವ ವಿಷಯ ಗುರುವಾರ ಚರ್ಚೆಗೆ ಬರುತ್ತದೆ. ಬೇರೆ ಜಾಗ ಎಲ್ಲಿ ಅಂತ ಹೇಳಿಲ್ಲ.’ ಅಷ್ಟೇ. ‘ಎಲ್ಲಿ ಅಂತ ಹೇಳಿಲ್ಲ’ ಅನ್ನೋ ಮಾತು ಮುಖ್ಯ. ಕಾಗದದಲ್ಲಿ ಇಲ್ಲದ್ದನ್ನು ಇಲ್ಲ ಅಂತ ಬರೆಯೋದೂ ವರದಿಯೇ.

ಈ ಪುಟ ಹೂವು ಮಾರುವ ಅಕ್ಕನ ಕೈಗೆ ಹೋದರೆ ಆಕೆ ಕೇಳಬಹುದಾದ ಪ್ರಶ್ನೆ ಒಂದಿದೆ. 2014ರಲ್ಲಿ ಬಂದ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಮ್ಮಿ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ‘ಸಮಿತಿ ಮುಂದೆ ಬಂದಿದೆಯಾ ಈ ವಿಷಯ?’ ಅಂತ ಆಕೆ ಸಭೆಗೆ ಮುಂಚೆ ಕೇಳಿದರೆ ಅದು ಪ್ರಶ್ನೆ. ಜೆಸಿಬಿ ಬಂದು ನಿಂತ ಮೇಲೆ ಕೇಳಿದರೆ ಅಳು. ನಮ್ಮಂಥ ಮನೆ, ಬೈಕು, ಇಂಟರ್ನೆಟ್ ಇರೋರಿಗೆ ಸುದ್ದಿ ತಡವಾಗಿ ಬಂದರೆ ಕಿರಿಕಿರಿ ಆಗುತ್ತದೆ ಅಷ್ಟೇ, ಆಕೆಗೆ ಅವತ್ತಿನ ಅನ್ನ ಹೋಗುತ್ತದೆ.

ಅದಕ್ಕೇ ವಾಟ್ಸಾಪ್ ಗ್ರೂಪು ಒಂದೇ ಸಾಲದು. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಇದು ಎಲ್ಲೋ ಮೇಲೆ ಹೋಗಿಬಿಡುತ್ತದೆ. ನಾವು ಹಾಲಿನ ಬೂತಿನಲ್ಲಿ ಒಂದು ಪ್ರತಿ ಅಂಟಿಸುತ್ತೇವೆ, ನ್ಯಾಯಬೆಲೆ ಅಂಗಡಿಯಲ್ಲಿ ಒಂದು. ಓದೋಕೆ ಬಾರದವರಿಗೆ ಎರಡು ನಿಮಿಷದ ವಾಯ್ಸ್ ಮೆಸೇಜು. ಕನ್ನಡ ಮನೆಮಾತಲ್ಲದ ಓಣಿಗೆ ಅಲ್ಲಿನ ಹುಡುಗರೇ ಉರ್ದುವಿನಲ್ಲೋ ತಮಿಳಿನಲ್ಲೋ ಹೇಳಿ ಕಳಿಸುತ್ತಾರೆ. ಮಂಗಳೂರು ಕಡೆ ಆಗಿದ್ದರೆ ತುಳುವಿನಲ್ಲಿ ಹೇಳಬೇಕಿತ್ತೇನೋ.

ಬರೆಯೋರಿಗೆ ಒಂದು ಮಾತು ಹೇಳಲೇಬೇಕು. ‘ಸದಸ್ಯರೊಬ್ಬರು ಹೇಳಿದರು’ ಮತ್ತು ‘ಸಭೆ ತೀರ್ಮಾನಿಸಿತು’, ಇವೆರಡನ್ನು ಯಾವತ್ತೂ ಕಲಸಬೇಡಿ. ಸಭೆಯಲ್ಲಿ ಯಾರೋ ಎದ್ದು ‘ನೀರಿನ ದರ ಡಬಲ್ ಮಾಡಬೇಕು’ ಅಂತ ಕೂಗಿರುತ್ತಾರೆ, ಸಂಜೆ ಹೊತ್ತಿಗೆ ಊರೆಲ್ಲ ದರ ಡಬಲ್ ಆಯಿತು ಅಂತ ಫಾರ್ವರ್ಡ್ ಓಡಾಡುತ್ತದೆ. ನಮ್ಮ ಪುಟದಲ್ಲಿ ಇದ್ದರೆ ಮಾತ್ರ ನಂಬಬಹುದು ಅಂತ ಜನಕ್ಕೆ ಅನ್ನಿಸೋಕೆ ವರ್ಷಗಟ್ಟಲೆ ಬೇಕು, ಕಳೆದುಕೊಳ್ಳೋಕೆ ಒಂದು ಸಂಜೆ ಸಾಕು. ಇನ್ನೊಂದು, ಪಕ್ಷದ ಹೆಸರು ಬರೆಯೋದನ್ನು ಆದಷ್ಟು ಬಿಡಿ. ನಮ್ಮೂರಿನ ಚರಂಡಿ ಯಾವ ಪಕ್ಷದ್ದೂ ಅಲ್ಲ.

ಸುದ್ದಿ ಸರಿಯಾದ ಸಮಯಕ್ಕೆ ಹೋದರೆ ಏನಾಗುತ್ತದೆ ಅನ್ನೋಕೆ ಮೈಸೂರಿನ ಒಂದು ಪ್ರಸಂಗ ನೆನಪಿಸುತ್ತೇನೆ. 2024ರ ಡಿಸೆಂಬರಿನಲ್ಲಿ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಅಂತ ಹೆಸರಿಡುವ ಪ್ರಸ್ತಾಪ ಇದೆ, ಆಕ್ಷೇಪಣೆ ಇದ್ದರೆ 30 ದಿನದೊಳಗೆ ಹೇಳಿ ಅಂತ ಪಾಲಿಕೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟಿತು. ಅಲ್ಲಿ ಆಗ ಚುನಾಯಿತ ಸದಸ್ಯರೇ ಇರಲಿಲ್ಲ, 2023ರ ನವೆಂಬರಿನಲ್ಲೇ ಅವರ ಅವಧಿ ಮುಗಿದಿತ್ತು. ಪ್ರಕಟಣೆ ಕಣ್ಣಿಗೆ ಬಿದ್ದದ್ದೇ ತಡ, ಅದು ಪ್ರಿನ್ಸೆಸ್ ರಸ್ತೆ, ಹಳೇ ಹೆಸರಿದೆ, ದಾಖಲೆ ಇದೆ ಅಂತ ಒಂದು ಕಡೆ, ಆ ರಸ್ತೆಯಲ್ಲಿ ಆಸ್ಪತ್ರೆಗಳು ಬಂದದ್ದು ಯಾರ ಕಾಲದಲ್ಲಿ ಅಂತ ಇನ್ನೊಂದು ಕಡೆ, ವಾದ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿತು. ಯಾರು ಸರಿ ಅನ್ನೋದು ನನಗೆ ಇಲ್ಲಿ ಮುಖ್ಯ ಅಲ್ಲ. ಮೂವತ್ತು ದಿನ ಅನ್ನೋದನ್ನು ಜನ ಬಳಸಿಕೊಂಡರಲ್ಲ, ಅದು ಮುಖ್ಯ. ಹೆಸರಿನ ವಿಷಯ ಆದ್ದರಿಂದ ಅದು ಸುದ್ದಿಯಾಯಿತು. ಅದೇ ಪುಟದ ಅದೇ ಮೂಲೆಯಲ್ಲಿ ತೆರಿಗೆ, ಬೈಲಾ, ಜಾಗ ಬದಲಾವಣೆ ಬಗ್ಗೆಯೂ ಆಕ್ಷೇಪಣೆ ಕರೆದಿರುತ್ತಾರೆ, ಯಾರೂ ನೋಡದೆ ದಿನ ಮುಗಿದು ‘ಯಾವುದೇ ಆಕ್ಷೇಪಣೆಗಳು ಬಂದಿರುವುದಿಲ್ಲ’ ಅಂತ ಫೈಲಿಗೆ ಒಂದು ಸಾಲು ಸೇರುತ್ತದೆ.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆ ಅಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಸುಮಾರು 1,800 ಕೋಟಿ ರೂಪಾಯಿ, 812 ಮರ. ಜನರನ್ನು ಸರಿಯಾಗಿ ಕೇಳಲೇ ಇಲ್ಲ ಅಂತ 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇದನ್ನು ಗೆಲುವು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅನ್ನಿಸೋದು ಬೇರೆ. ಸೇತುವೆ ಬೇಕಾ ಬೇಡವಾ ಅನ್ನೋ ಪ್ರಶ್ನೆಯನ್ನು ಕಾಗದದ ಮೇಲೆ ಇದ್ದಾಗಲೇ ಜನರ ಮುಂದೆ ಇಟ್ಟಿದ್ದರೆ ಇಷ್ಟು ರಂಪ ಬೇಕಿತ್ತಾ? ಮರಗಳ ವಿಷಯದಲ್ಲಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲೇ ದಾರಿ ಇದೆ, ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಮೊದಲು ಆಕ್ಷೇಪಣೆ ಕರೆಯಬೇಕು. ಮರಕ್ಕೆ ಇರೋ ಈ ಮರ್ಯಾದೆ ಎಷ್ಟೋ ಸಲ ಮನುಷ್ಯರಿಗೆ ಇಲ್ಲ.

ಸದಸ್ಯರೇ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಮೇಲೆ ಚುನಾವಣೆ ಆಗಲೇ ಇಲ್ಲ, ಐದು ವರ್ಷ ಬಜೆಟ್ ಮಂಡಿಸಿದ್ದೂ ಪಾಸು ಮಾಡಿದ್ದೂ ಅಧಿಕಾರಿಗಳೇ. 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ಆಡಳಿತಾಧಿಕಾರಿ ಇದ್ದಾಗ ಜಗಳ, ಬಾವಿಗಿಳಿಯೋದು ಯಾವುದೂ ಇರಲ್ಲ, ತುಂಬಾ ಶಾಂತ. ಒಬ್ಬರು ಫೈಲಿಗೆ ಸಹಿ ಹಾಕಿದರೆ ಅದೇ ಠರಾವು. ನಾನು ಆಗಲೇ ಸಭೆಯ ಗಲಾಟೆ ಬಗ್ಗೆ ತಮಾಷೆ ಮಾಡಿದೆ, ಆದರೆ ಆ ಗಲಾಟೆಯೇ ಬೇಕು ಅನ್ನಿಸುವ ಹಾಗೆ ಇರುತ್ತದೆ ಆ ಶಾಂತಿ. ಬೈಯೋಕಾದರೂ ಒಬ್ಬ ಸದಸ್ಯ ಇರಬೇಕು ಸ್ವಾಮಿ.

ವಾರ್ಡ್ ಸಮಿತಿ ಅಂತ ಒಂದಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಇರುವ ಊರುಗಳಲ್ಲಿ ಇದು ಇರಲೇಬೇಕು ಅನ್ನುತ್ತದೆ. ಬೆಂಗಳೂರಿನಲ್ಲಿ ಕೋರ್ಟಿನ ಒತ್ತಾಯ, ಸಂಘಟನೆಗಳ ಒತ್ತಾಯದಿಂದ ಕೊನೆಗೂ ಸಮಿತಿಗಳು ಆದವು, ತಿಂಗಳ ಮೊದಲ ಶನಿವಾರ ಸಭೆ ಅಂತ ಗೊತ್ತುಮಾಡಿದರು. ‘ಮೊದಲ ಶನಿವಾರ’ ಅನ್ನೋದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಆದರೆ ದಿನ ಗೊತ್ತಿದ್ದರೆ ಯಾರೂ ಯಾರಿಗೂ ನೋಟಿಸು ಕೊಡಬೇಕಾಗಿಲ್ಲ, ಹಾಲು ತರೋಕೆ ಹೋದವರೂ ಹಾಗೇ ಹೋಗಿ ಕೂರಬಹುದು. ನಮ್ಮ ಕಡೆಯ ಊರುಗಳಲ್ಲೂ ಸಾಮಾನ್ಯ ಸಭೆಗೆ ಇಂಥದ್ದೊಂದು ನಿಗದಿಯಾದ ದಿನ ಮಾಡಿ ಅಂತ ಕೇಳೋಣ. ಒಂದು ರೂಪಾಯಿ ಖರ್ಚಿಲ್ಲದ ಬೇಡಿಕೆ ಇದು.

ಹಳ್ಳಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆ ಅಂದರೆ ನಂಬುತ್ತೀರಾ? ಗ್ರಾಮಸಭೆಗೆ ಊರಿನ ಮತದಾರರೆಲ್ಲ ಹೋಗಿ ಕೂತು ಮಾತಾಡಬಹುದು, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಖರ್ಚಿನ ಲೆಕ್ಕ ಜನರ ಮುಂದೆ ಬಿಚ್ಚಿಡಬೇಕು, ಪಂಚಾಯಿತಿ ಸಭೆಯ ನೋಟಿಸು, ನಡಾವಳಿಗಳನ್ನು ‘ಪಂಚತಂತ್ರ’ ತಂತ್ರಾಂಶಕ್ಕೆ ಹಾಕುವ ವ್ಯವಸ್ಥೆ ಇದೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತೆ ಅಂತ ನಾನು ಹೇಳಲ್ಲ, ಆದರೆ ಏರ್ಪಾಡಂತೂ ಇದೆ. ಪಕ್ಕದ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಅಜೆಂಡಾ, ತೀರ್ಮಾನಗಳನ್ನು ದಾಖಲಿಸೋಕೆ ‘ಸಕರ್ಮ’ ಅಂತಲೇ ಒಂದು ತಂತ್ರಾಂಶ ಮಾಡಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಕಾಯ್ದೆ ಅಂತ 1953ರಿಂದ ಇದೆ, ಸಾಮಾನ್ಯ ಸಭೆಗೆ 72 ಗಂಟೆ ಮುಂಚೆ ಅಜೆಂಡಾ ಜನರಿಗೆ ಕಾಣುವ ಹಾಗೆ ಹಾಕಬೇಕು, ಅದರಲ್ಲಿ ಇಲ್ಲದ ವಿಷಯದ ಮೇಲೆ, ತೀರಾ ತುರ್ತು ಇದ್ದರೆ ಬಿಟ್ಟು, ತೀರ್ಮಾನ ಮಾಡುವ ಹಾಗಿಲ್ಲ. ನಮ್ಮ ‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಅನ್ನೋ ಸಾಲು ಅಲ್ಲಿ ನಡೆಯಲ್ಲ. ಅಷ್ಟು ದೂರ ಯಾಕೆ, ನಮ್ಮ ಮೈಸೂರು ಸಂಸ್ಥಾನದಲ್ಲೇ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಅಧಿಕಾರ ಏನೂ ಇರಲಿಲ್ಲ, ಆದರೆ ದಿವಾನರು ಎದ್ದು ನಿಂತು ವರ್ಷದ ವರದಿ ಓದಬೇಕಿತ್ತು, ಆ ಸಭೆಯ ನಡಾವಳಿಗಳು ಅಚ್ಚಾಗುತ್ತಿದ್ದವು. ನಮ್ಮೂರಿನ ಹೋದ ತಿಂಗಳ ನಡಾವಳಿ ಓದೋದಕ್ಕಿಂತ ನೂರು ವರ್ಷ ಹಿಂದಿನ ಆ ನಡಾವಳಿ ಓದೋದು ಸುಲಭ ಅನ್ನೋ ಹಾಗಾಗಿದೆ.

ಈಗ ಮಾಹಿತಿ ಹಕ್ಕು. 2005ರ ಕಾಯ್ದೆಯ 4ನೇ ಕಲಮು ಹೇಳೋದೇ ಇದನ್ನು, ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗೇ ಮಾಹಿತಿ ಪ್ರಕಟಿಸಬೇಕು. ಯಾವ ಸಭೆಗಳು ಸಾರ್ವಜನಿಕರಿಗೆ ತೆರೆದಿವೆ, ಯಾವುದರ ನಡಾವಳಿ ಜನರಿಗೆ ಸಿಗುತ್ತದೆ ಅನ್ನೋದೂ ಅದರಲ್ಲಿ ಸೇರಿದೆ. ಪ್ರಕಟಿಸಿಲ್ಲ ಅಂದರೆ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಪೀಠಿಕೆ, ಬೈಗುಳ, ದೇಶದ ಸ್ಥಿತಿಗತಿ ಏನೂ ಬರೆಯಬೇಡಿ. ‘ಇಂಥ ತಾರೀಖಿನ ಸಾಮಾನ್ಯ ಸಭೆಯ ಅಜೆಂಡಾ, ನಡಾವಳಿಯ ದೃಢೀಕೃತ ಪ್ರತಿ ಕೊಡಿ’, ಮುಗಿಯಿತು. 30 ದಿನದೊಳಗೆ ಉತ್ತರ ಬರಬೇಕು. ಆದರೆ ಇದು ಸಭೆ ಮುಗಿದ ಮೇಲಿನ ದಾರಿ, ನೆನಪಿರಲಿ. ಒಂದು ವಾರ ಮುಂಚಿನ ನೋಟಿಸಿಗೆ ಮೂವತ್ತು ದಿನದ ಅರ್ಜಿ ಹಾಕಿದರೆ ಏನು ಬಂತು?

ಕಚೇರಿಯ ವೆಬ್‌ಸೈಟಿನಲ್ಲಿ ನಡಾವಳಿ ಹಾಕೋರೂ ಇದ್ದಾರೆ, ಅವರಿಗೆ ಥ್ಯಾಂಕ್ಸ್. ಆದರೆ ಅದನ್ನು ಸ್ಕ್ಯಾನ್ ಮಾಡಿ ಅಡ್ಡ ತಿರುಗಿಸಿ ಹಾಕಿರುತ್ತಾರೆ, ಕತ್ತು ಅಡ್ಡ ಮಾಡಿ ಓದಬೇಕು. ಸ್ಕ್ಯಾನ್ ಅಲ್ಲ ಅಂದರೆ ಹಳೇ ನುಡಿ ಫಾಂಟ್. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ‘ಒಳಚರಂಡಿ’ ಅಂತ ಹುಡುಕಿದರೆ ಏನೂ ಸಿಗಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿ ಅಂತ ಕೇಳೋದೂ ನಮ್ಮ ಬೇಡಿಕೆ ಪಟ್ಟಿಯಲ್ಲಿ ಇರಲಿ. ಹುಡುಕೋಕೆ ಆಗದ ದಾಖಲೆಯನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಇಷ್ಟು ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

*

ಒಬ್ಬ ಹಿರಿಯರು ಕೇಳಿದರು: ‘ಬಜೆಟ್ ಸಭೆಗೆ ಕರೀತಾರಲ್ಲ, ಹೋದ್ರೆ ಏನಾದ್ರೂ ಉಪಯೋಗ ಇದೆಯೇನಪ್ಪಾ?’

ಇದೆ ಸರ್, ಆದರೆ ಸರಿಯಾದ ಸಲಕ್ಕೆ ಹೋಗಬೇಕು. ಬಜೆಟ್ ಪೂರ್ವಭಾವಿ ಸಭೆ ಅಂತ ಕರೆಯುತ್ತಾರಲ್ಲ, ಅದಕ್ಕೆ ಹೋಗಿ. ಹೊಸ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಹಾಗಾಗಿ ಚಳಿಗಾಲದಿಂದಲೇ ಕಚೇರಿಯಲ್ಲಿ ಕೇಳುತ್ತಾ ಇರಿ. ‘ಊರು ಅಭಿವೃದ್ಧಿ ಮಾಡಿ’ ಅಂತ ಹೇಳಿ ಬಂದರೆ ಅವರೂ ತಲೆ ಆಡಿಸುತ್ತಾರೆ, ಅಲ್ಲಿಗೆ ಮುಗೀತು. ‘ಇಂಥ ಕ್ರಾಸಿನ ಮೋರಿಗೆ ಸ್ಲ್ಯಾಬ್ ಇಲ್ಲ, ಹೋದ ಸಲದ ಕ್ರಿಯಾ ಯೋಜನೆಯಲ್ಲಿ ಇತ್ತು, ಯಾಕೆ ಆಗಲಿಲ್ಲ’ ಅಂತ ಬರೆದುಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಸಭೇನ ಫೋನಲ್ಲಿ ಲೈವ್ ಮಾಡಬಹುದಾ?’

ಅಧ್ಯಕ್ಷರ ಅನುಮತಿ ಕೇಳಿ ಮಾಡಮ್ಮ. ಬೇಡ ಅಂದರೆ ಕದ್ದು ಮಾಡಬೇಡ, ಆ ನೆಪ ಸಾಕು ಮುಂದಿನ ಸಲ ಬಾಗಿಲು ಹಾಕೋಕೆ. ಪೆನ್ನು, ನೋಟ್‌ಬುಕ್ಕಿಗೆ ಯಾರೂ ಬೇಡ ಅನ್ನಲ್ಲ. ನಗರಸಭೆಯೇ ಲೈವ್ ಮಾಡಲಿ ಅಂತ ಬರವಣಿಗೆಯಲ್ಲಿ ಕೇಳೋಣ, ಆದರೆ ಮೂರು ಗಂಟೆಯ ವಿಡಿಯೋ ಕೂತು ನೋಡೋರು ಯಾರು? ನೀನು ಬರೆಯೋ ಒಂದು ಪುಟ ಆಗಲೂ ಬೇಕಾಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು: ‘ಸದಸ್ಯರಿಗೆ ಸಿಟ್ಟು ಬಂದ್ರೆ? ನಾಳೆ ಖಾತೆ ಕೆಲಸಕ್ಕೆ ಅವರ ಹತ್ರನೇ ಹೋಗ್ಬೇಕಲ್ಲ.’

ಇದು ನಿಜವಾದ ಪ್ರಶ್ನೆ. ಒಬ್ಬರೇ ಮಾಡಿದರೆ ಸಿಟ್ಟು ಅವರ ಮೇಲೆ ಬೀಳುತ್ತದೆ. ಅದಕ್ಕೇ ಪುಟದ ಕೆಳಗೆ ಒಬ್ಬರ ಹೆಸರು ಹಾಕಬೇಡಿ, ಸಂಘದ ಹೆಸರು ಹಾಕಿ. ಪ್ರತಿ ತಿಂಗಳು ಬೇರೆ ಬೇರೆಯವರು ಹೋಗಿ. ಅಚ್ಚಿಗೆ ಕಳಿಸೋಕೆ ಮುಂಚೆ ಸದಸ್ಯರಿಗೂ ಒಂದು ಪ್ರತಿ ಕಳಿಸಿ, ‘ತಪ್ಪಿದ್ದರೆ ತಿಳಿಸಿ’ ಅಂತ. ಸದಸ್ಯರು ವಾರ್ಡಿನ ಪರವಾಗಿ ಮಾತಾಡಿದ್ದರೆ ಅದನ್ನೂ ಮರೆಯದೆ ಬರೆಯಿರಿ, ಅವರೇ ನಾಲ್ಕು ಜನಕ್ಕೆ ಹಂಚುತ್ತಾರೆ. ಮುಂದಿನ ಸಾಮಾನ್ಯ ಸಭೆಯ ನೋಟಿಸು ಇನ್ನೂ ಹೊರಟಿಲ್ಲ ಅಂತ ಕೇಳಿದೆ. ಹೊರಟ ತಕ್ಷಣ ಹಾಲಿನ ಬೂತಿನಲ್ಲಿ ಅಂಟಿಸುತ್ತೇವೆ. ಈ ಸಲ ಹೋಗೋಕೆ ಇಬ್ಬರು ಬೇಕು, ಮಧ್ಯಾಹ್ನ ಬಿಡುವಿರೋರು ಟೀ ಕುಡಿಯುವಾಗ ನನ್ನ ಹತ್ತಿರ ಹೆಸರು ಬರೆಸಿ.